ಒತ್ತು

ಸುಲ್ತಾನ್‌ಪೇಟೆಯ ನಮ್ಮ ಲಗ್ನಪತ್ರಿಕೆ ಅಂಗಡಿಗೆ
ದಿನಕ್ಕೆ ಒಂದೂವರೆ ತಾಸು ಯಾರೂ ಬರುವುದಿಲ್ಲ.
ಸೋಮವಾರ ಏಳೂವರೆಗೆ, ಆಗಿನ್ನೂ ಬಾಗಿಲೇ ತೆಗೆದಿರುವುದಿಲ್ಲ, ಅದು ನಷ್ಟ.
ಶನಿವಾರ ಒಂಬತ್ತಕ್ಕೆ. ಶುಕ್ರವಾರ ಹತ್ತೂವರೆಗೆ.
ಬುಧವಾರ ಸರಿಯಾಗಿ ಬುತ್ತಿ ಬಿಚ್ಚುವಾಗ.
ಮಂಗಳವಾರದ್ದು ಮೂರಕ್ಕೆ, ನನಗೆ ಅದೇ ಇಷ್ಟ:
ಎದುರು ಕಟ್ಟಡದ ಗಾಜಿಗೆ ಬಿದ್ದ ಬಿಸಿಲು
ಪುಟಿದು ಬಂದು ನನ್ನ ಕೀಬೋರ್ಡಿನ ಮೇಲೆ ಕೂರುತ್ತದೆ.

ರಾಹುಕಾಲದಲ್ಲಿ ಮದುವೆಯ ಮಾತೆತ್ತುವವರಿಲ್ಲ.
ಮುಂಗಡ ಕೊಡುವುದಿಲ್ಲ, ಮಾದರಿ ಮುಟ್ಟುವುದಿಲ್ಲ,
ಕಟ್ಟಿಟ್ಟ ಬಂಡಲು ಒಯ್ಯುವುದಿಲ್ಲ.
ಎಂಟು ವರ್ಷದಿಂದ ಬೇರೆಯವರ ಮುಹೂರ್ತಗಳನ್ನು ಟೈಪು ಮಾಡುವ ನಾನು
ನನ್ನದು ಅಂತ ಬರೆದದ್ದೆಲ್ಲ
ಯಾರಿಗೂ ಬೇಡವಾದ ಈ ಹೊತ್ತಿನಲ್ಲೇ,
ಕತ್ತರಿಸಿ ಉಳಿದ ಕಾರ್ಡಿನ ಪಟ್ಟಿಗಳ ಮೇಲೆ.
ಎರಡು ಬೆರಳಗಲ. ಅದಕ್ಕೇ ನನ್ನ ಸಾಲು ಗಿಡ್ಡ.
(ಇದು ಬೇರೆ. ಇದಕ್ಕೆ ಪಟ್ಟಿಗೆ ಪಟ್ಟಿ ಅಂಟಿಸಿಕೊಂಡಿದ್ದೇನೆ.)

ಒಳಗೆ ದಸ್ತಗೀರ್ ಮಾಮ ಟ್ರೆಡಲ್ಲಿಗೆ ಎಣ್ಣೆ ಬಿಡುತ್ತಾರೆ.
ಅವರಿಗೆ ರಾಹುವಿನ ಹಂಗಿಲ್ಲ; ಐದು ಹೊತ್ತಿನ ಲೆಕ್ಕ ಬೇರೆ ಇದೆ.
ಶುಕ್ರವಾರ ಇಬ್ಬರದೂ ಹತ್ತಿರ ಹತ್ತಿರ ಬರುತ್ತದೆ.
ಸೀಮೆಎಣ್ಣೆ ಬಟ್ಟೆಯಲ್ಲಿ ಉಗುರಿನ ಮಸಿ ತೆಗೆಯುತ್ತ
"ಏನಮ್ಮ, ಎಷ್ಟು ಬಂತು?" ಅನ್ನುತ್ತಾರೆ,
ಬಾವಿಯಲ್ಲಿ ನೀರೆಷ್ಟು ಅಂತ ಕೇಳುವ ಹಾಗೆ.

ಮೊನ್ನೆ ಮಂಗಳವಾರ, ಮೂರೂ ಹತ್ತು.
ಪಟ್ಟಿಯ ಮೇಲೆ ಒಂದು ಸಾಲು ಆಗಿತ್ತು,
ಎರಡನೆಯದರ ತುದಿ ಕಾಣುತ್ತಿತ್ತು,
ಮುದುಕನೊಬ್ಬ ಮೆಟ್ಟಿಲು ಹತ್ತಿ ಬಂದ.
ಅಂಗಿಯಲ್ಲಿ ಮಾರ್ಕೆಟ್ಟಿನ ಮರುಗದ ವಾಸನೆ.
ಹನ್ನೊಂದನೇ ದಿನದ ಕಾರ್ಡು. ನೂರು ಸಾಕು.
ಹೌದಲ್ಲ,
ಸಾವಿಗೆ ರಾಹುಕಾಲ ಇಲ್ಲ.

ಹೆಸರು?
"ಅಕ್ಕಯ್ಯಮ್ಮ. ನಮ್ ಮನೇವ್ಳು."

ಹೊಡೆದೆ. ಕಕ್ಕೆ ಕ, ಯಕ್ಕೆ ಯ, ಮಕ್ಕೆ ಮ,
ಮೂರು ಒತ್ತೂ ಕೆಳಗಿಳಿದು
ದಿನಾಂಕದ ತಲೆಯ ಮೇಲೆ ಕೂತವು.
ಸಾಲು ಬಿಡಿಸಿದೆ. ಅಕ್ಷರ ದೊಡ್ಡದು ಮಾಡಿದೆ. ತಿರುಗಿ ಕೂತವು.
ಮುದುಕ ಮುಖವನ್ನು ಪರದೆಯ ಹತ್ತಿರ ತಂದು
"ಕೆಳಗೆ ನೇತಾಕ್ಕೊಂಡಿರೋವು ಏನ್ ತಾಯಿ?" ಅಂದ.
ಒತ್ತು, ಅಂದೆ.
ತಟ್ಟನೆ ಗೋಡೆಯ ಗಡಿಯಾರ ನೋಡಿದ.
ಅವನ ಬಾಯಲ್ಲಿ ಹೊತ್ತೂ ಒತ್ತೇ.
ಬೆರಳಿಟ್ಟು ತೋರಿಸಿದೆ: ಒಂದು, ಎರಡು, ಮೂರು.
"ಮೂರೊತ್ತು," ಅಂದ. "ಸರೀಗೇ ಐತೆ ಬುಡು.
ಮೂರೊತ್ತೂ ಹೂವೇ ಕಟ್ತಿದ್ಲು."
ಆಮೇಲೆ, ಎಷ್ಟೋ ಹೊತ್ತಿನ ಮೇಲೆ,
"ನಮ್ ಮದ್ವೇಗೆ ಕಾರ್ಡೆಲ್ಲಿ ಬಂತು. ಬಾಯ್ ಮಾತು.
ಅವಳೆಸ್ರು ಅಚ್ಚಾಗ್ತಿರೋದು ಇದೇ."

ಮತ್ತೆ ಕೂತೆ.
ಸ್ಥಳವನ್ನು ಒಂದೇ ಸಾಲಿಗೆ ಇಳಿಸಿದೆ,
ದುಃಖತಪ್ತರನ್ನು ಚಿಕ್ಕದು ಮಾಡಿದೆ,
ದಿನಾಂಕವನ್ನು ಇನ್ನೂ ಕೆಳಗೆ ತಳ್ಳಿದೆ,
ಮೂರೂ ಒತ್ತು ಕಾಲು ಚಾಚಿಕೊಳ್ಳುವವರೆಗೆ.
ಒಂದು ಕೂದಲೆಳೆ ಎಡಕ್ಕೆ. ಅರ್ಧ ಎಳೆ ಮೇಲಕ್ಕೆ.
ಮುದುಕ ಅವಸರ ಮಾಡಲಿಲ್ಲ.
ದಾರಕ್ಕೆ ಗಂಟು ಬೀಳುವುದನ್ನು ನೋಡಿ ಅಭ್ಯಾಸವಿದ್ದವನ ಹಾಗೆ
ನನ್ನ ಬೆರಳನ್ನೇ ನೋಡುತ್ತ ಕೂತ.
ಒಳಗೆ ಟ್ರೆಡಲ್ಲು ಯಾವಾಗ ನಿಂತಿತೋ,
ದಸ್ತಗೀರ್ ಮಾಮ ಬಾಗಿಲಲ್ಲಿದ್ದರು, ಕೈಯಲ್ಲಿ ಎಣ್ಣೆಯ ಡಬ್ಬಿ,
ಒಂದು ಮಾತೂ ಆಡದೆ.
ಗಾಜಿನ ಬಿಸಿಲು ಕೀಬೋರ್ಡು ಬಿಟ್ಟು
ನನ್ನ ಮೊಣಕೈಗೆ ಬಂದಿತ್ತು.

ನಾಲ್ಕೂವರೆ ಕಳೆದು ಒಂದು ನಿಮಿಷಕ್ಕೆ
ಎದುರು ಫುಟ್‌ಪಾತಿನಲ್ಲಿ ಫೋನು ನೋಡುತ್ತ ನಿಂತಿದ್ದ ಬೀಗರು
ಒಟ್ಟಿಗೇ ರಸ್ತೆ ದಾಟಿದರು.
ಅವರ ಕಾರ್ಡಿಗೆ ಅರಿಸಿನ ಹಚ್ಚುವಾಗ ನೋಡಿದೆ:
ಮುದುಕನಿಗೆ ಬರೆದ ರಸೀದಿ ಮೇಜಿನ ಮೇಲೇ ಇದೆ,
ನನ್ನ ಪಟ್ಟಿ ಇಲ್ಲ.
ಮಡಿಸಿ, ಒಳಜೇಬಿಗೆ ಇಟ್ಟುಕೊಂಡದ್ದು
ನಾನೇ ನೋಡಿದ್ದೆನಲ್ಲ.

ಇವತ್ತು ಗುರುವಾರ. ಒಂದೂವರೆಗೆ ಬನ್ನಿ ಅಂದಿದ್ದೇನೆ.
ನೂರು ಕಾರ್ಡು ಕಟ್ಟಿಟ್ಟಿದೆ, ಮೂಲೆಗೆ ಏನೂ ಹಚ್ಚಿಲ್ಲ.
ಎರಡನೇ ಸಾಲು ಇನ್ನೂ ಬಂದಿಲ್ಲ.
ಒಂದೂ ಇಪ್ಪತ್ತೆಂಟು.
ಮೆಟ್ಟಿಲ ಕಡೆಯಿಂದ ಮರುಗದ ವಾಸನೆ.