ಹಾಲಮ್ಮ ಟೀಚರ ಅಟ್ಟ

ಲೋಕ ಮುಳುಗುವ ಸುದ್ದಿ ಬಂದಾಗಲೆಲ್ಲ
ಮಂಡಿಪೇಟೆಯಲ್ಲಿ ನನಗೆ ಹಬ್ಬ.
ಆ ಹನ್ನೆರಡರ ಡಿಸೆಂಬರಿನಲ್ಲಿ ಟಿವಿಯ ಗುರೂಜಿ
ಗ್ರಹಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆದ ರಾತ್ರಿ
ದಾವಣಗೆರೆ ಮಂದಿ ಒಯ್ದದ್ದೇನು?
ಮಂಡಕ್ಕಿ. ಮೆಣಸಿನಕಾಯಿ. ಕಡ್ಲೆಹಿಟ್ಟು.
ಪ್ರಳಯ ನೋಡುತ್ತ ಬಾಯಾಡಿಸಲು ಏನಾದರೂ ಬೇಕಲ್ಲ.

ಹಾಲಮ್ಮ ಟೀಚರು ಹಾಗಲ್ಲ.
ನಾಲ್ಕನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಹೇಳಿದವರು,
ತೂಕ ಮತ್ತು ಅಳತೆಗೆ ಹತ್ತಕ್ಕೆ ಹತ್ತು ಕೊಟ್ಟವರು.
ಅವರ ಚೀಟಿಗೆ ಎಡಗಡೆ ಮಾರ್ಜಿನ್ನು, ಕೆಳಗೆ ಸಹಿ:
ತೊಗರಿಬೇಳೆ ಐದು. ಸಿಪ್ಪೆ ತೆಗೆಯದ ನವಣೆ ಹತ್ತು.
ಕಲ್ಲುಪ್ಪು. ಬೆಲ್ಲ, ಕಪ್ಪಾದರೂ ಸರಿ, ಗಟ್ಟಿ ಇರಲಿ.
ಬೆಂಕಿಪೊಟ್ಟಣ ಎರಡು ಡಜನ್. ಮೇಣದಬತ್ತಿ. ಡೆಟಾಲು.
ಸೀಮೆಎಣ್ಣೆ ಎಲ್ಲಿ ಸಿಗುತ್ತದೋ ವಿಚಾರಿಸಿ ತಿಳಿಸುವುದು.

"ಹುಣಸೆಹಣ್ಣು ಬಿಟ್ರಲ್ರೀ ಟೀಚರ್" ಅಂದೆ ಒಮ್ಮೆ.
"ಅದು ನಿನ್ಹತ್ರನೇ ಇರಲಿ ಮುರಿಗೆಪ್ಪ,
ನಿನಗೆ ಕೆಲಸಕ್ಕೆ ಬರ್ತದೆ."
ನಕ್ಕೆ. ಗಿರಾಕಿ ಏನಂದರೂ ಮೊದಲು ನಗುವುದು ನಮ್ಮಪ್ಪ ಕಲಿಸಿದ ಪಾಠ.

ಭದ್ರಾ ನಾಲೆಗೆ ನೀರು ಬಿಡದ ವರ್ಷ,
ಕೊರೋನಾಕ್ಕೆ ಹೆದರಿ ಅರ್ಧ ಶಟರ್ ಎಳೆದು ಮಾರಿದ ವರ್ಷ,
ಯಾವುದೋ ದೇಶ ಯಾವುದೋ ದೇಶದ ಮೇಲೆ ಬಿದ್ದು
ಇಲ್ಲಿ ಸೂರ್ಯಕಾಂತಿ ಎಣ್ಣೆ ತುಟ್ಟಿಯಾದ ವರ್ಷ,
ಬಂತು ಚೀಟಿ.
ಒಂಟಿ ಜೀವ. ಹೊತ್ತಿಗೊಂದು ರೊಟ್ಟಿ ತಿನ್ನುವಾಕೆ.
ಓಣಿಯ ಹುಡುಗರು "ಪ್ರಳಯದ ಟೀಚರ್" ಅಂದವು.
ನಾನೂ ಅಂದೆ.

ಕೇಳಿದರೆ ಅವರದು ಒಂದೇ ಕತೆ. ಅಜ್ಜಿ ಮನೆ ಮುಂದಿನ ಹಗೇವು.
ಬಾಯಿಯ ಕಲ್ಲು ಸರಿಸಿದೊಡನೆ ಇಳಿಯಬಾರದು,
ಮೊದಲು ಹಗ್ಗ ಕಟ್ಟಿ ದೀಪ ಇಳಿಸಬೇಕು.
ದೀಪ ಆರಿದರೆ
ಕೂಡಿಟ್ಟ ಕಾಳು ಒಳಗಿನ ಉಸಿರನ್ನೆಲ್ಲ ತಿಂದಿದೆ ಅಂತ ಲೆಕ್ಕ.

ಈ ಬೇಸಗೆ ಟೀಚರ ಮೊಣಕಾಲು ಊದಿತು.
"ಅಟ್ಟ ಹತ್ತಿ ಡಬ್ಬಿ ಇಳಿಸಿಕೊಡು, ಬಿಸಿಲಿಗೆ ಹಾಕಬೇಕು."
ಏಣಿ ಹತ್ತಿದೆ. ಒಣಗಿದ ಬೇವಿನೆಲೆಯ ವಾಸನೆ.
ಮೊಬೈಲ್ ಬೆಳಕಿಗೆ ಮೊದಲು ಹೊಳೆದದ್ದು
ಶಾಲೆಯ ಹರಾಜಿನಲ್ಲಿ ಕೊಂಡ ಹಿತ್ತಾಳೆ ತಕ್ಕಡಿ,
ಪೆಟ್ಟಿಗೆಯಲ್ಲಿ ತೂಕದ ಕಲ್ಲುಗಳು, ದೊಡ್ಡದರಿಂದ ಚಿಕ್ಕದಕ್ಕೆ.

ಡಬ್ಬಿ ಡಬ್ಬಿಗೂ ಚೀಟಿಯ ಮೇಲೆ ಚೀಟಿ, ಅದೇ ದುಂಡಕ್ಷರ:
ಬೇಳೆ. ಅಂಗಡಿಯಲ್ಲಿ ಐದು. ಮನೆಯಲ್ಲಿ ನಾಲ್ಕೂಮುಕ್ಕಾಲು.
ನವಣೆ. ಅಂಗಡಿಯಲ್ಲಿ ಹತ್ತು. ಮನೆಯಲ್ಲಿ ಒಂಬತ್ತೂವರೆ.
ತಾರೀಖು ಸಮೇತ, ಹನ್ನೆರಡು ವರ್ಷ.

ಮೊಬೈಲ್ ಬೆಳಕು ಆರಲಿಲ್ಲ. ಉಸಿರು ಮಾತ್ರ ಕಟ್ಟಿತು.
ತಕ್ಕಡಿಯ ತಟ್ಟೆ ತಿರುವಿ ನೋಡಿದೆ.
ಅಡಿಯಲ್ಲಿ ಏನೂ ಅಂಟಿರಲಿಲ್ಲ.

ಗೋಡೆ ಬದಿಯ ಸಾಲಿಗೆ ಹೆಸರುಗಳು.
ಮಹಡಿ ಮನೆ ಬಾಣಂತಿ: ಬೆಲ್ಲ, ಕೊಬ್ಬರಿ.
ಮಂಡಕ್ಕಿ ಭಟ್ಟಿ ಖೈರುಂಬಿ, ಮೊಮ್ಮಕ್ಕಳು ನಾಲ್ವರು:
ಮೇಣದಬತ್ತಿ ಜಾಸ್ತಿ, ಸಣ್ಣವಳಿಗೆ ಕತ್ತಲೆಂದರೆ ಭಯ.
ಕಸದ ಗಾಡಿ ದುರುಗಪ್ಪ. ಮುಂದೆ ಬರೆದದ್ದನ್ನು ಇಲಿ ತಿಂದಿದೆ.
ಕಟ್ಟಕಡೆಗೆ, ತೊಲೆಯಡಿ, ಬಗ್ಗಿ ಓದಬೇಕಾದ ಜಾಗದಲ್ಲಿ:
ಮುರಿಗೆಪ್ಪ, ಹೆಂಡತಿ, ಇಬ್ಬರು ಮಕ್ಕಳು. ನವಣೆ ಆರು ಕಿಲೋ.
ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು,
ಸರಿಯಾಗಿ ತೂಗಿದೆ.

ಹೆಂಚಿನ ಕಾವು ನೆತ್ತಿಗೆ ಇಳಿಯುತ್ತಿತ್ತು.
ಡಬ್ಬಿ ಎತ್ತಲಿಲ್ಲ, ಇಡಲಿಲ್ಲ.
ಕೆಳಗಿನಿಂದ ಕ್ಲಾಸಿನ ದನಿ:
"ಯಾಕೋ ಸುಮ್ಮನಾದೆ? ಹುಳ ಬಿದ್ದೈತೇನು?"
"ಬಿದ್ದೈತ್ರಿ ಟೀಚರ್."
"ಬಿಸಿಲಿಗೆ ಹಾಕಿದ್ರೆ ಹೋಗ್ತದೆ ಬಿಡು.
ಇಳಿ."