ಕೈಲಿದ್ದ ಒಂದು

ತಾರ್ತು ಊರಿನ ಆಲೂಗಡ್ಡೆ ಬೀದಿ.
ಹತ್ತಿರದಲ್ಲೇ ಅವರೆ ಬೀದಿ, ಬಟಾಣಿ ಬೀದಿ;
ಆ ಕೇರಿಯ ಹೆಸರೇ ಸೂಪಿನೂರು.
ಮರದ ಮನೆಯ ಮಹಡಿಯಲ್ಲಿ ಹಿಲ್ಯಾ ಪಿಹ್ಲಾಕ್,
ಮೂವತ್ತೊಂದು ವರ್ಷ ಕೋಟಿನ ಗುಂಡಿಗಳನ್ನು
ಎಣಿಸಿ ಎಣಿಸಿ ಡಬ್ಬಿಗೆ ತುಂಬಿದವಳು.

ಸೌದೆ ಹೊತ್ತು ತಂದ ನನ್ನನ್ನು ಕೂರಿಸಿ
ಮೇಜಿನ ಮೇಲೆ ಗುಂಡಿ ಸುರಿದಳು:
"ಆರು, ನೋಡು, ಎರಡು ಸಾಲಾಗಿ ಕೂರುತ್ತವೆ.
ಏಳನ್ನು ಕೂರಿಸು."
ಎರಡು ಸಾಲಿಟ್ಟೆ, ಒಂದು ಹೊರಗೆ.
ಮೂರು ಸಾಲಿಟ್ಟೆ, ಮತ್ತೆ ಒಂದು ಹೊರಗೆ.
"ಏಳಕ್ಕೆ ಗೊತ್ತಿರುವುದು ಒಂದೇ ಸಾಲು.
ಯಾವ ಡಬ್ಬಿಯ ಮಾತನ್ನೂ ಕೇಳುವುದಿಲ್ಲ."

ಆಮೇಲೆ, ನೆರೆಮನೆಯವರ ಸುದ್ದಿ ಹೇಳುವ ದನಿಯಲ್ಲಿ:
ಎರಡನ್ನು ಎರಡು ಸಲ ಬರೆದು ಗುಣಿಸಿ ಒಂದು ಕಳೆ, ಮೂರು.
ಮೂರು ಸಲ ಬರೆದು ಗುಣಿಸಿ ಒಂದು ಕಳೆ, ಏಳು.
ಏಳು ಸಲ, ನೂರಿಪ್ಪತ್ತೇಳು.
ಎಲ್ಲವೂ ಒಡೆಯದವು, ಒಂದರ ಹೊಟ್ಟೆಯಲ್ಲಿ ಇನ್ನೊಂದು.
ನೂರಿಪ್ಪತ್ತೇಳು ಸಲ ಬರೆದರೆ
ಮೂವತ್ತೊಂಬತ್ತು ಅಂಕಿ. ಅದೂ ಒಡೆಯದು.
"ಅದರ ಮಗಳು?"
"ಯಾರಿಗೂ ತಿಳಿಯದು. ಅವಳ ಹೆಸರು ಬರೆಯಲು
ಈ ಲೋಕದ ಕಾಗದ ಸಾಲದು."

ಭಾಗಿಸಿ ನೋಡುತ್ತ ಕೂತರೆ ಸೂರ್ಯನೇ ಆರಿಹೋದಾನು.
ಆದರೆ ಒಂದು ಒಳದಾರಿಯಿದೆ: ನಾಲ್ಕರಿಂದ ಹೊರಡು,
ವರ್ಗಿಸು, ಎರಡು ಕಳೆ, ಆ ಸಂಖ್ಯೆಯಿಂದ ಭಾಗಿಸಿ
ಉಳಿದದ್ದನ್ನಷ್ಟೇ ಇಟ್ಟುಕೋ, ಮತ್ತೆ ವರ್ಗಿಸು.
ನೂರಿಪ್ಪತ್ತೇಳಕ್ಕೆ ಮಾಡಿ ತೋರಿಸಿದಳು, ಚಹಾ ಆರುವ ಮೊದಲೇ:
ನಾಲ್ಕು, ಹದಿನಾಲ್ಕು, ಅರವತ್ತೇಳು,
ನಲವತ್ತೆರಡು, ನೂರ ಹನ್ನೊಂದು,
ಸೊನ್ನೆ.
ಕೊನೆಗೆ ಸೊನ್ನೆ ಬಿದ್ದರೆ ಗೆದ್ದಂತೆ.

ದೊಡ್ಡದಕ್ಕೆ ನೂರಿಪ್ಪತ್ತೈದು ಹೆಜ್ಜೆ, ರಾತ್ರಿಗೊಂದು.
ಅಕ್ಟೋಬರಿನ ಕೊನೆಗೆ ಹೊರಟಳು.
ಚೌಕುಳಿ ಪುಸ್ತಕ, ಪೆನ್ಸಿಲ್ಲು, ತುಟಿಯ ಮೇಲೆ ಒಂದೇ ಮಂತ್ರ:
ಬರೆದದ್ದು ಮೂರು, ಕೈಲಿ ಎರಡು;
ಬರೆದದ್ದು ಎಂಟು, ಕೈಲಿ ಒಂದು.
ಹೊಳೆ ಹೆಪ್ಪುಗಟ್ಟಿತು. ಜ್ವರ ಬಂದ ಹನ್ನೊಂದು ದಿನ
ಲೆಕ್ಕವೂ ಮುಸುಕು ಹೊದ್ದು ಮಲಗಿತು.

ಮಾರ್ಚಿಯಲ್ಲಿ, ಹೊಳೆಯ ಗಡ್ಡೆ ಬಿರಿಯುತ್ತಿದ್ದ ರಾತ್ರಿ,
ಕೊನೆಯ ಭಾಗಾಕಾರ. ನಾನೂ ಕೂತಿದ್ದೆ.
ಉಳಿದದ್ದು
ಸೊನ್ನೆಯಲ್ಲ.
ಮೂವತ್ತೆಂಟು ಅಂಕಿಯ ಯಾವನೋ ಅಪರಿಚಿತ.

ಹಿಲ್ಯಾ ಕನ್ನಡಕ ಒರೆಸಿದಳು.
"ಅದು ಒಡೆಯದೆಂದು ನನ್ನಜ್ಜಿಯ ಕಾಲಕ್ಕೇ ಗೊತ್ತು.
ಒಡೆದದ್ದು ನನ್ನ ಲೆಕ್ಕ.
ಕೈಲಿದ್ದ ಒಂದನ್ನು ಎಲ್ಲೋ ಕೈಬಿಟ್ಟಿದ್ದೇನೆ."

ಬೀರುವಿನ ತಳದಲ್ಲಿ ಹಳೆಯ ಚಳಿಗಾಲಗಳ ಆರು ಪುಸ್ತಕ,
ಮೂರು ಮೂರರ ಎರಡು ಸಾಲು.
ಇದನ್ನೂ ಇಡಹೋದಳು. ತಡೆದಳು.
ಎಲ್ಲ ಹೊರತೆಗೆದು ಗೋಡೆಯುದ್ದಕ್ಕೆ ಒಂದೇ ಸಾಲಿಟ್ಟಳು.

ನಾನು ಮೆಟ್ಟಿಲಿಳಿಯುವಾಗ ಮೇಲಿಂದ ಕೂಗಿದಳು:
"ಅಕ್ಟೋಬರಿಗೆ ಒಣ ಸೌದೆ ತಾ ಮಾರಾಯ,
ಈ ಸಲದ್ದು ಹಸಿ. ಹೊಗೆಗೆ ಕಣ್ಣುರಿದು
ಆರೂ ಸೊನ್ನೆಯಂತೆ ಕಾಣುತ್ತಿತ್ತು."