ಮರುಪ್ರಶ್ನೆ

ಸ್ವಾಮಿರಾಯರನ್ನ ಆರಿಸಿದವರು ಎಷ್ಟು ಮಂದಿ
ಅಂತ ನನಗ ಗೊತ್ತು, ಕೈ ಎಣಿಸಿದಾಂವ ನಾನ.
ಒಂದ ಜಮಖಾನಿ ಮ್ಯಾಲ ಎಲ್ಲಾರೂ ಕೂತು
ಇನ್ನೊಬ್ಬ ಕಾಲು ಚಾಚಬಹುದಿತ್ತು, ಅಷ್ಟು ಮಂದಿ.
ವಕೀಲರು, ಇನಾಮದಾರರು, ಹತ್ತಿ ಅಡತಿಯವರು,
ಕಿವಿ ಮಂದಾದ ಒಬ್ಬ ದೇಸಾಯರು
ಯಾರಿಗೆ ಎತ್ತಬೇಕಂತ ಎರಡು ಸರ್ತೆ ಕೇಳಿ
ಎರಡು ಸರ್ತೆ ಎತ್ತಿದರು.
ನಾ ಒಂದ ಬರಕೊಂಡೆ.
ಹಿಂಗ ಕೃಷ್ಣಾ ಹೊಳಿಯ ಎರಡೂ ದಂಡಿಗೆ
ಮುಂಬಯಿಯೊಳಗ ಒಂದು ಬಾಯಿ ಬಂತು.

ನಾನು ಅವರ ಕಾರಕೂನ.
ವಿಜಾಪುರದಾಗ ಬಾದಶಹನ ಕಾಲದ ಕಮಾನಿನ ಕೆಳಗ
ನನ್ನ ಮಣಿ; ದೌತಿಯೊಳಗ ಪಾರಿವಾಳದ ಪುಕ್ಕ.
ಕೊಲ್ಹಾರದ ಅರ್ಜಿ ಅಲ್ಲಿಗೇ ಬಂತು:
ಶ್ರಾವಣದ ಹೊಳಿಯಾಗ ಹರಗೋಲ ಮಗಚಿ
ಸಂತಿಗೆ ಹೊಂಟಿದ್ದ ಒಂಬತ್ತು ಮಂದಿ, ಹೆಸರು ಸಮೇತ,
ಮತ್ತ ಎರಡು ಆಡು.
ಕನ್ನಡದಾಗ ಇದ್ದದ್ದನ್ನ ಮರಾಠಿ ಮಾಡಿದೆ,
ಮರಾಠಿಯಾಗ ಇದ್ದದ್ದನ್ನ ಇಂಗ್ಲಿಷ್ ಮಾಡಿದೆ.
ಮೊದಲ ಆಡು ಬಿಟ್ಟೆ. ಆಮ್ಯಾಲ ಹೆಸರು.
ಕಡೀಕ ಉಳಿದದ್ದು: ಸದರಿ ಕಡವಿನಲ್ಲಿ ಜೀವಹಾನಿ.
ಮೂರ ಶಬ್ದ, ಮೂರೂ ಒಣಾ.

ಒಂದು ಶಬ್ದಕ್ಕ ಮಾತ್ರ ಕಂದೀಲ ಆರೂತನಕ ಕೂತೆ.
ನಮ್ಮಲ್ಲಿ ಬಾಯೀಲೆ ಕೇಳಿದರೂ ಕೇಳೂದು,
ಕಿವೀಲೆ ಕೇಳಿದರೂ ಕೇಳೂದು.
ಸಾಹೇಬರ ಭಾಷೆಯೊಳಗ ಅವೆರಡೂ
ಬ್ಯಾರೆ ಬ್ಯಾರೆ ಕಪಾಟಿನಾಗ.
ಊರವರು ಬರಸಿದ್ದರು:
ರಾಯರು ಕೇಳಿದರ ಸರಕಾರ ಕೇಳತೈತಿ.
ಯಾವುದನ್ನ ಯಾವ ಕಪಾಟಿಗೆ ಇಡಲಿ?

ಹೊಟಗಿ ದಾಟಿ ರೈಲು. ರಾಯರ ರುಮಾಲಿನ ಡಬ್ಬಿ
ಹಾದಿ ಪೂರಾ ನನ್ನ ತೊಡಿಮ್ಯಾಲ.
ಸಭಾದಾಗ ನಮ್ಮದು ಹದಿನೇಳನೇ ಪ್ರಶ್ನೆ.
ರಾಯರು ಎದ್ದರು, ಓದಿದರು, ಕೂತರು.
ಮಾಹಿತಿ ತರಿಸಿಕೊಳ್ಳಲಾಗುತ್ತಿದೆ, ಅಂತು ಸರಕಾರ.
ರಾಯರು ಮತ್ತ ಎದ್ದರು, ಅರ್ಧ,
ಮೊಣಕಾಲು ಇನ್ನೂ ನೆಟ್ಟಗಾಗಿರಲಿಲ್ಲ,
ಆಗ ಹದಿನೆಂಟು ಅಂತ ಕೂಗಿದರು.
ಮರುಪ್ರಶ್ನೆ ಕೇಳಾಕ ಕಾಯ್ದೆ ಇಲ್ಲ.
ಶಾಲು ಸರಿ ಮಾಡಿಕೊಳ್ಳಾಕ ಎದ್ದವರಂಗ
ಶಾಲು ಸರಿ ಮಾಡಿಕೊಂಡರು.

ಮಾರ್ಗಶಿರದಾಗ ಕೊರ್ತಿಯೊಳಗ ಒಂದು ಹೊಲದ ದಾವೆ.
ಕೊಲ್ಹಾರದಾಗ ಅದ ಕಡವು, ಹೊಸಾ ಹರಗೋಲು.
ಹುಟ್ಟು ಹುಲಗಪ್ಪನ ಕೈಯಾಗ, ಅವನತ್ತಿ ಯಂಕವ್ವ
ಉಳ್ಳಾಗಡ್ಡಿ ಚೀಲದ ಮ್ಯಾಲ ಕೂತಿದ್ದಳು.
ನಡುನೀರಿನಾಗ ಕೇಳಿದಳು:
ಕೇಳಿದ್ರೇನ್ರಿ ಯಪ್ಪಾ?
ಕೇಳಿದೆನವ್ವಾ.
ಏನಂದ್ರು?
ಮಾಹಿತಿ ತರಸ್ತೀವಿ ಅಂದ್ರು.
ಮತ್ತ ನೀವೇನಂದ್ರಿ?

ಹರಗೋಲ ತನ್ನಷ್ಟಕ್ಕ ತಿರುಗತಿತ್ತು.
ರಾಯರ ಮುಖಾ ಕೊಲ್ಹಾರದ ಕಡೆ, ಆಮ್ಯಾಲ ಕೊರ್ತಿಯ ಕಡೆ,
ಆಮ್ಯಾಲ ಮತ್ತ ಕೊಲ್ಹಾರದ ಕಡೆ.
ಮತ್ತ ಅನ್ನಾಕ ಅಲ್ಲಿ ಜಾಗಾ ಇಲ್ಲವ್ವಾ, ಅಂದರು,
ಒಂದ ಸಲ ಎದ್ದು ಕೇಳಬೇಕು, ಕೂಡಬೇಕು.
ಯಂಕವ್ವ ಒಂದು ಗಡ್ಡಿಯ ಸಿಪ್ಪಿ ಸುಲಿದು ನೀರಿಗೆ ಬಿಟ್ಟಳು.
ಇಲ್ಲಿ ಎದ್ರ ಎಲ್ಲಾರೂ ಮುಣಗತೀವ್ರಿ.
ಕೂತ ಕೇಳ್ರಿ.
ಸೀತಿಮನಿ ಹಂತೇಕ ಉಗಿಬಂಡಿಗೆ ಕಬ್ಬಿಣದ ಸೇತುವಿ ಆತು,
ಅದೇನು ಅರ್ಜಿ ಹಾಕಿತ್ತೇನ?

ಹುಲಗಪ್ಪ ಕೆಮ್ಮಿದ. ಹುಟ್ಟು ಒಂದ ಸಲ ತಪ್ಪಿತು.
ರಾಯರು ಬಾಳ ಹೊತ್ತಿನ ಮ್ಯಾಲ ಅಂದರು:
ಹೋದವರ ಹೆಸರು ಹೇಳವ್ವಾ.
ಆಕಿ ಸುಲಿಯೂದು ನಿಲ್ಲಿಸಿದಳು.
ಅರ್ಜಿಯಾಗ ಬರಸಿದ್ದೆವಲ್ರಿ.
ನನ್ನ ಮಗಳದು ಮೂರನೇದ್ದು.
ರಾಯರು ನನ್ನ ಕಡೆ ನೋಡಿದರು.
ನಾ ನೀರಿನ ಕಡೆ ನೋಡಿದೆ, ಅಷ್ಟರಾಗ ಹರಗೋಲ ತಿರುಗಿ
ಮತ್ತ ಅವರೇ ಎದುರಾದರು.

ಆ ರಾತ್ರಿ ಕೊರ್ತಿಯ ಗೌಡರ ಪಡಸಾಲಿಯಾಗ
ಕಂದೀಲ ಇಸಕೊಂಡು ಹೊಸಾ ಹಾಳಿ ತಗದೆ.
ಯಾವ ಭಾಷೆ ಅಂತ ರಾಯರು ಕೇಳಲಿಲ್ಲ.
ಆಡಿನಿಂದ ಸುರು ಮಾಡಿದೆ:
ಒಂದು ಕರೀದು,
ಒಂದರ ಎಡಗಿವಿ ಸೀಳಿತ್ತು.